ಸೆಕ್ಯುರಿಟಿ ಚೆಕ್: ಸಿಬ್ಬಂದಿಗೆ ನಾಲ್ಕು ಸ್ಟಾರ್, ಅವರ ಪರೀಕ್ಷೆಗೆ ಎರಡು

ಮುಂಬೈ, ಪುಣೆ, ಗೋವಾ ಮೂರರಲ್ಲಿ ಯಾವ ವಿಮಾನ ನಿಲ್ದಾಣ ಅಂತ ಹೇಳುವುದಿಲ್ಲ. ಸಾಲು ಚುರುಕಾಗಿತ್ತು, ಮಾತಲ್ಲಿ ಮರ್ಯಾದೆ ಇತ್ತು. ಅತ್ತೆಗೆಂದು ಒಯ್ಯುತ್ತಿದ್ದ ಹಿತ್ತಾಳೆ ಚಕ್ಕುಲಿ ಒರಳು ಎಕ್ಸ್‌ರೇಯಲ್ಲಿ ಕಂಡದ್ದೇ ತಡ, ಬೆಲ್ಟ್ ನಿಂತಿತು. ಜವಾನರು ಚೀಲ ಬಿಚ್ಚಿಸಿ, ಒರಳಿನ ಹಿಡಿ ತಿರುಗಿಸಿ, ನಕ್ಷತ್ರದ ತೂತಿನ ಬಿಲ್ಲೆ ತೆಗೆದು ಬೆಳಕಿಗೆ ಹಿಡಿದರು. "ಚಕಲೀ?" ಅಂದರು. ಮರಾಠಿಯವರಿರಬೇಕು. ನಾಲ್ಕು ಸ್ಟಾರ್ ಅಲ್ಲೇ ಬಂತು.

ನಾನು ಚಾಕಣದ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ಹಾಗಾಗಿ ನನ್ನ ತಲೆ ಓಡಿದ್ದು ಬೇರೆ ಕಡೆ: ಇವರನ್ನು ಪರೀಕ್ಷಿಸುವುದು ಹೇಗೆ?

ಯಂತ್ರಕ್ಕೆ ಟೆಸ್ಟ್ ಪೀಸ್ ಹಾಕಿ ನೋಡುತ್ತಾರೆ. ಸಣ್ಣ ತಂತಿ ಕಾಣುತ್ತಾ, ಉಕ್ಕಿನ ತಗಡಿನಾಚೆ ಕಾಣುತ್ತಾ ಅಂತ. ಅದು ಯಂತ್ರದ ಪರೀಕ್ಷೆ. ಪರದೆ ನೋಡುವವರ ಕಣ್ಣಿನ ಪರೀಕ್ಷೆಗೆ ಟಿಪ್ ಅನ್ನೋ ಸಾಫ್ಟ್‌ವೇರ್ ಇದೆ. ನಿಮ್ಮ ಚೀಲದ ಚಿತ್ರದೊಳಗೆ ಸುಳ್ಳು ಪಿಸ್ತೂಲು ತೂರಿಸುತ್ತದೆ, ಗುರುತಿಸಿ ಗುಂಡಿ ಒತ್ತಿದರೆ ಪಾಸ್. ಒಳ್ಳೇದೇ. ಯಾಕಂದ್ರೆ ಅಪರೂಪಕ್ಕೆ ಬರುವುದು ಕಣ್ಣಿಗೆ ಜಾಸ್ತಿ ತಪ್ಪುತ್ತದೆ. 2005ರಲ್ಲಿ ಅಮೆರಿಕದ ಸಂಶೋಧಕ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ಇದನ್ನು ಅಳೆದರು. ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿದ್ದಾಗ ಶೇ. 7ರಷ್ಟು ತಪ್ಪಿತು. ನೂರಕ್ಕೊಂದರಲ್ಲಿ ಇದ್ದಾಗ ಶೇ. 30! ಆದರೆ ಚೀಲದೊಳಗೆ ಕೈಹಾಕಿ ಹುಡುಕುವ ಕೆಲಸ ಟಿಪ್‌ನ ಲೆಕ್ಕಕ್ಕೆ ಬರುವುದೇ ಇಲ್ಲ.

ಅದಕ್ಕೇ ವೇಷ ಮರೆಸಿಕೊಂಡು ಬರುವ ಪರೀಕ್ಷಕರು ಬೇಕು. ಅಮೆರಿಕದಲ್ಲಿ ಹಾಗೆ ಮಾಡಿದಾಗ 70ರಲ್ಲಿ 67 ಸಲ ನಕಲಿ ಬಾಂಬೋ ಆಯುಧವೋ ಒಳಗೆ ದಾಟಿತ್ತು ಅಂತ 2015ರಲ್ಲಿ ಸುದ್ದಿ ಸೋರಿತು. ಅಲ್ಲಿನ ಭದ್ರತಾ ಸಂಸ್ಥೆಯ ಹಂಗಾಮಿ ಮುಖ್ಯಸ್ಥರ ಕುರ್ಚಿಯೂ ಹೋಯಿತು.

ಆದರೂ ಬರೀ ಕೆಟ್ಟ ಮಾಲು ತೂರಿಸಿ ನೋಡುವುದು ಅರ್ಧ ಪರೀಕ್ಷೆ. ನಮ್ಮಲ್ಲಿ ಹೊಸ ಇನ್ಸ್‌ಪೆಕ್ಟರಿಗೆ ಒಳ್ಳೆ ಪೀಸು, ಕೆಟ್ಟ ಪೀಸು ಎರಡನ್ನೂ ಕಲಸಿ ಕೊಡುತ್ತೇವೆ. ಕೆಟ್ಟದ್ದನ್ನು ಬಿಟ್ಟರೂ ಮಾರ್ಕ್ಸ್ ಹೋಯಿತು, ಒಳ್ಳೇದನ್ನು ಎಸೆದರೂ ಹೋಯಿತು. ಇಲ್ಲದಿದ್ದರೆ ಎಲ್ಲವನ್ನೂ ರಿಜೆಕ್ಟ್ ಮಾಡಿದವನೇ ಫಸ್ಟ್ ಕ್ಲಾಸ್, ಅಲ್ವಾ? ಇಲ್ಲೂ ಅಷ್ಟೇ. ಎಲ್ಲರ ಚೀಲ ಬಿಚ್ಚಿಸುವವರು ಬರೀ ಕೆಟ್ಟ ಮಾಲಿನ ಪರೀಕ್ಷೆಯಲ್ಲಿ ಪಾಸು, ಸಾಲು ಮಾತ್ರ ಬಾಗಿಲಾಚೆ.

ನನ್ನ ಹಿಂದಿದ್ದ ಅಜ್ಜಿಯ ಹೋಳಿಗೆ ಡಬ್ಬಿಯನ್ನೂ ತೆಗೆಸಿದರು. ಸುಮ್ನೆ ಬಿಚ್ಚಿಸಿದ ಆ ಚೀಲವನ್ನು ಯಾರೂ ಎಲ್ಲೂ ಬರೆದುಕೊಂಡದ್ದು ಕಾಣಲಿಲ್ಲ. ಅದಕ್ಕೇ ಪರೀಕ್ಷೆಗೆ ಐದರಲ್ಲಿ ಮೂರು ಸ್ಟಾರ್ ಕಳೆದು ಎರಡು ಉಳಿಸಿದ್ದು. ಒರಳು ಒಯ್ಯುವವರು ಚೆಕ್-ಇನ್ ಲಗೇಜಿಗೆ ಹಾಕಿ.