‘ಸ್ಟೇಜ್ 2, ಎಲ್ಲಾ ಪಕ್ಕಾ’: ಡೀಲರ್ ಮಾರುವ ಮಾಡಿಫೈಡ್ ಕಾರಿನ ವಿಮರ್ಶೆ

ಮಾಡಿಫೈ ಮಾಡಿದ ಸೆಕೆಂಡ್ ಹ್ಯಾಂಡ್ ಟರ್ಬೊ ಕಾರನ್ನು ಡೀಲರ್ ಹತ್ತಿರ ಕೊಳ್ಳುವಾಗ ಕಾರಿನ ಜೊತೆಗೆ ಇನ್ನೂ ಮೂರು ಸಂಗತಿ ಬರುತ್ತವೆ: ಹಾಕಿಸಿದ ಪಾರ್ಟ್ಸ್‌ಗಳ ಪಟ್ಟಿ, ಒಂದು ಡೈನೋ (ಕಾರಿನ ಪವರ್ ಅಳೆಯುವ ಯಂತ್ರ) ಹಾಳೆ, ಒಂದು ಚಿಕ್ಕ ಟೆಸ್ಟ್ ಡ್ರೈವ್. ಅಂಕ ಕೊಡುವುದಾದರೆ ಪಟ್ಟಿಗೆ ಅರ್ಧ, ಹಾಳೆಗೆ ಸೊನ್ನೆಗಿಂತ ಸ್ವಲ್ಪ ಮೇಲೆ, ಟೆಸ್ಟ್ ಡ್ರೈವ್‌ಗೆ ಸೊನ್ನೆಗಿಂತ ಕೆಳಗೆ. ಅದು ಕಾರಿನ ಬಗ್ಗೆ ಏನನ್ನೂ ತಿಳಿಸದೆ ನಂಬಿಕೆಯನ್ನಷ್ಟೇ ಬೆಳೆಸುತ್ತದೆ. ಟರ್ಬೊ ಎಳೆದು ಬೆನ್ನು ಸೀಟಿಗೆ ಅಂಟಿತೆಂದರೆ ಕೊಳ್ಳುವವರ ಪ್ರಶ್ನೆಗಳು ಅಲ್ಲಿಗೇ ಮುಗಿಯುತ್ತವೆ. ಡೀಲರ್‌ಗೂ ಇದು ಚೆನ್ನಾಗಿ ಗೊತ್ತು.

ಮೊದಲು ‘ಸ್ಟೇಜ್’ ಎಂಬ ಮಾತು. ಇದಕ್ಕೆ ಯಾವ ಮಾನದಂಡವೂ ಇಲ್ಲ. ರೂಢಿಯಲ್ಲಿ ಸ್ಟೇಜ್ 1 ಎಂದರೆ ಕಂಪನಿಯ ಪಾರ್ಟ್ಸ್ ಹಾಗೇ ಉಳಿಸಿ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ನ ಸಾಫ್ಟ್‌ವೇರ್ ಮಾತ್ರ ಬದಲಿಸುವುದು. ಸ್ಟೇಜ್ 2ರಲ್ಲಿ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪ್), ಇಂಟೇಕ್ (ಗಾಳಿ ಒಳಬರುವ ಪೈಪ್), ಎಷ್ಟೋ ಸಲ ಇಂಟರ್‌ಕೂಲರ್ (ಆ ಗಾಳಿಯನ್ನು ತಂಪು ಮಾಡುವ ಭಾಗ) ಕೂಡ ಬದಲಾಗಿರುತ್ತದೆ. ಸ್ಟೇಜ್ 3 ಎಂದರೆ ದೊಡ್ಡ ಟರ್ಬೊ ಮತ್ತು ಅದಕ್ಕೆ ತಕ್ಕ ಇಂಧನ ವ್ಯವಸ್ಥೆ. ಆದರೆ ಒಬ್ಬ ಟ್ಯೂನರ್‌ನ 2 ಇನ್ನೊಬ್ಬನ 1 ಆಗಿರಬಹುದು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಈ ಮಾತನ್ನು ನಂಬಿ ಹಣ ಕೊಟ್ಟರೆ, ನಾಳೆ ಜಗಳವಾದಾಗ ಡೀಲರ್ ಸುಳ್ಳು ಹೇಳಿದರೆಂದು ತೋರಿಸುವುದು ಕಷ್ಟ. ಆದ್ದರಿಂದ ಸ್ಟೇಜ್ ಎಷ್ಟೆಂದು ಕೇಳಬೇಡಿ. ಪ್ರತಿ ಪಾರ್ಟಿನ ಬ್ರ್ಯಾಂಡ್, ಪಾರ್ಟ್ ನಂಬರ್, ಹಾಕಿದ ದಿನ, ಆಗಿನ ಓಡೋಮೀಟರ್ ಓದು, ಮ್ಯಾಪ್ (ಇಸಿಯು ಸಾಫ್ಟ್‌ವೇರ್) ಬರೆದವರು ಯಾರು, ಎಷ್ಟು ಆಕ್ಟೇನ್ ಪೆಟ್ರೋಲ್‌ಗೆ ಬರೆದದ್ದು ಎಂದು ಕೇಳಿ. ಕೊನೆಯದನ್ನು ಕೇಳುವವರೇ ಇಲ್ಲ. 98 ಆಕ್ಟೇನ್‌ಗೆ ಬರೆದ ಮ್ಯಾಪ್‌ಗೆ 91 ಹಾಕಿ ಓಡಿಸಿದರೆ ಎಂಜಿನ್ ನಾಕ್ ಆಗುತ್ತದೆ (ಪೆಟ್ರೋಲ್ ಅಕಾಲದಲ್ಲಿ ಸಿಡಿಯುತ್ತದೆ), ಇಸಿಯು ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹೊತ್ತಿಸುವ ಸಮಯ) ಹಿಂದಕ್ಕೆ ತಳ್ಳುತ್ತದೆ, ಹೇಳಿದ ಪವರ್ ಎಲ್ಲೂ ಸಿಗುವುದಿಲ್ಲ.

ನಿಜವಾದ ಟೋಪಿ ಬೀಳುವುದು ಬೇರೆ ಕಡೆ. ಹಳೆಯ ಮಾಲೀಕ ಕಾರು ಕೊಡುವ ಮೊದಲು ಬೆಲೆ ಬಾಳುವ ಪಾರ್ಟ್ಸ್ ಬಿಚ್ಚಿ ಬೇರೆಯಾಗಿ ಮಾರಿಕೊಂಡಿರುತ್ತಾನೆ. ಕಂಪನಿಯ ಪಾರ್ಟ್ಸ್ ಅಥವಾ ಅಗ್ಗದ ನಕಲು ವಾಪಸ್ ಕೂರುತ್ತದೆ, ಮ್ಯಾಪ್ ಮಾತ್ರ ಹಳೆಯದೇ ಉಳಿಯುತ್ತದೆ. ಡೀಲರ್ ಹಳೆಯ ಜಾಹೀರಾತಿನ ಪಟ್ಟಿಯನ್ನೇ ನಕಲು ಮಾಡಿ ಹಾಕುತ್ತಾರೆ; ಕೆಲವರು ತಿಳಿಯದೆ, ಕೆಲವರು ತಿಳಿದೇ. ದೊಡ್ಡ ಇಂಜೆಕ್ಟರ್‌ಗೆ ಬರೆದ ಮ್ಯಾಪ್, ಕೂತಿರುವುದು ಕಂಪನಿಯ ಸಣ್ಣ ಇಂಜೆಕ್ಟರ್: ಲೋಡ್‌ನಲ್ಲಿ ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತದೆ. ಅಗಲವಾದ ಇಂಟೇಕ್ ಪೈಪಿಗೆ ಬರೆದ ಮ್ಯಾಪ್, ಏರ್‌ಫ್ಲೋ ಸೆನ್ಸರ್ ಇರುವುದು ಹಳೆಯ ಕಿರಿದಾದ ಪೈಪಿನಲ್ಲಿ: ಇಸಿಯು ಗಾಳಿಯನ್ನು ಹೆಚ್ಚಾಗಿ ಲೆಕ್ಕ ಹಾಕಿ ಪೆಟ್ರೋಲ್ ಸುರಿಯುತ್ತದೆ. ಡೌನ್‌ಪೈಪ್ ತೆಗೆದು ಕಂಪನಿಯ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಿ ಮಾಡುವ ಭಾಗ) ಹಾಕಿದ್ದರೆ, ಅದೇ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಮುಟ್ಟಲು ಟರ್ಬೊ ಹೆಚ್ಚು ದುಡಿದು ಎಕ್ಸಾಸ್ಟ್ ಶಾಖ ಏರುತ್ತದೆ. ತದ್ವಿರುದ್ಧವೂ ಉಂಟು: ಕನ್ವರ್ಟರ್ ಇಲ್ಲದ ಖಾಲಿ ಡೌನ್‌ಪೈಪ್ ಹಾಗೇ ಇದೆ, ಮ್ಯಾಪ್ ಮಾತ್ರ ಕಂಪನಿಯದು. ಆಗ ಕನ್ವರ್ಟರ್ ಸರಿಯಿಲ್ಲ ಎನ್ನುವ ಪಿ0420 ದೋಷದ ಕೋಡ್ ಬಂದು ಚೆಕ್ ಎಂಜಿನ್ ದೀಪ ಹತ್ತಬೇಕು. ಹತ್ತದಿದ್ದರೆ ಹಿಂದಿನ ಆಕ್ಸಿಜನ್ ಸೆನ್ಸರ್ ಅಡಿಯಲ್ಲಿ ಅದನ್ನು ಹೊಗೆಯಿಂದ ದೂರ ಇಡುವ ಸ್ಪೇಸರ್ ಇದೆಯೇ ಎಂದು ಕಾರಿನ ಕೆಳಗೆ ಮಲಗಿ ನೋಡಿ.

ಇದನ್ನು ಹಿಡಿಯಲು ದೊಡ್ಡ ಉಪಕರಣ ಬೇಡ. ಡೇಟಾ ದಾಖಲಿಸಬಲ್ಲ ಒಬಿಡಿ ಸ್ಕ್ಯಾನರ್ (ಕಾರಿಗೆ ಸಿಕ್ಕಿಸಿ ಅದರ ಕಂಪ್ಯೂಟರ್ ಓದುವ ಉಪಕರಣ) ಸಾಕು. ಕ್ಯಾಲಿಬ್ರೇಷನ್ ಐಡಿ (ಇಸಿಯು ಸಾಫ್ಟ್‌ವೇರ್‌ನ ಗುರುತು) ಮತ್ತು ಕ್ಯಾಲಿಬ್ರೇಷನ್ ಪರಿಶೀಲನಾ ಸಂಖ್ಯೆ ಓದಿ, ಕಂಪನಿಯ ಮೌಲ್ಯದೊಂದಿಗೆ ಹೋಲಿಸಿ. ಹೊಂದದಿದ್ದರೆ ಸಾಫ್ಟ್‌ವೇರ್ ಬೇರೆ ಎಂದರ್ಥ. ಹೊಂದಿದರೂ ಖಾತ್ರಿಯಿಲ್ಲ, ಕೆಲವು ಟ್ಯೂನ್‌ಗಳು ಹಳೆಯ ಸಂಖ್ಯೆಯನ್ನೇ ತೋರಿಸುವಂತೆ ಬರೆದಿರುತ್ತವೆ. ಆಮೇಲೆ ರೆಡಿನೆಸ್ ಮಾನಿಟರ್‌ಗಳು (ಕಾರಿನ ಸ್ವಯಂಪರೀಕ್ಷೆಗಳು ಮುಗಿದಿವೆಯೇ ಎಂದು ತೋರಿಸುವ ಗುರುತುಗಳು), ದೋಷದ ಕೋಡ್ ಅಳಿಸಿದ ಮೇಲೆ ಓಡಿದ ದೂರ, ಪರ್ಮನೆಂಟ್ ಕೋಡ್ ನೋಡಿ. ಮೊದಲ ಎರಡು ಖಾಲಿ ಇದ್ದರೆ ನೀವು ಬರುವ ಮುಂಚೆಯೇ ಯಾರೋ ಒರೆಸಿದ್ದಾರೆ. ‘ಬ್ಯಾಟರಿ ಬದಲಿಸಿದೆವು ಸಾರ್’ ಎಂಬುದು ಸಿದ್ಧ ಉತ್ತರ, ಕೆಲವೊಮ್ಮೆ ನಿಜವೂ ಹೌದು. ಹಾಗಾದರೆ ಮಾನಿಟರ್‌ಗಳು ತುಂಬುವವರೆಗೆ ಓಡಿಸಿ ಇಡಲಿ, ಮತ್ತೆ ಬರುತ್ತೇವೆ ಎನ್ನಿ. ಪರ್ಮನೆಂಟ್ ಕೋಡ್ ಸ್ಕ್ಯಾನರ್‌ನಿಂದ ಅಳಿಯುವುದಿಲ್ಲ. ದೋಷ ಸರಿಯಾಗಿದೆ ಎಂದು ಕಾರೇ ಪರೀಕ್ಷಿಸಿಕೊಂಡ ಮೇಲಷ್ಟೇ ಹೋಗುತ್ತದೆ. ಈ ಸೌಲಭ್ಯ ಹಳೆಯ ಕಾರುಗಳಲ್ಲಿ ಇರುವುದಿಲ್ಲ.

ನಂತರ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ತೆರವಾದ ಸುರಕ್ಷಿತ ಜಾಗದಲ್ಲಿ ಅಥವಾ ಡೈನೋ ಮೇಲೆ, 3ನೇ ಗೇರ್‌ನಲ್ಲಿ ಸುಮಾರು 2,000 ಆರ್‌ಪಿಎಂನಿಂದ ಕೆಂಪು ಗೆರೆಯ ಹತ್ತಿರದವರೆಗೆ ಪೂರ್ತಿ ಆಕ್ಸಿಲರೇಟರ್ ಒತ್ತಿ ಲಾಗ್ ಮಾಡಿ. ಇಸಿಯು ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್, ಪ್ರತಿ ಸಿಲಿಂಡರ್‌ನ ಟೈಮಿಂಗ್ ಕಡಿತ, ಇಂಧನ ಒತ್ತಡ, ಒಳಬರುವ ಗಾಳಿಯ ಉಷ್ಣತೆ: ಈ ನಾಲ್ಕು ಗೆರೆ ಮುಖ್ಯ. ಒಂದೇ ಸಿಲಿಂಡರ್‌ನಲ್ಲಿ ಟೈಮಿಂಗ್ ಮತ್ತೆ ಮತ್ತೆ ಕುಸಿದರೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಮೂರನ್ನೂ ಅನುಮಾನಿಸಬೇಕು. ಐಡಲ್‌ನಲ್ಲೂ ನಿಧಾನ ವೇಗದಲ್ಲೂ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಪೆಟ್ರೋಲ್ ಅಳತೆಗೆ ಇಸಿಯು ಮಾಡುವ ತಿದ್ದುಪಡಿ) ಶೇ. 5ರ ಒಳಗಿದ್ದರೆ ಸರಿ, ಆಚೀಚೆ ಶೇ. 10 ದಾಟಿದರೆ ಮ್ಯಾಪ್‌ಗೂ ಪಾರ್ಟ್ಸ್‌ಗೂ ತಾಳೆಯಿಲ್ಲ ಅಥವಾ ಎಲ್ಲೋ ಗಾಳಿ ಸೋರುತ್ತಿದೆ. ಕಾರು ತಣ್ಣಗಿದ್ದಾಗಲೇ ಹೋಗಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಮೊದಲ ಸ್ಟಾರ್ಟ್‌ನ ಹೊಗೆ, ಚೈನ್ ಸದ್ದು ಎರಡೂ ನಿಮಗೆ ಸಿಗಬಾರದೆಂದೇ ಓಡಿಸಿಟ್ಟಿರಬಹುದು.

ಲಾಗ್ ಒಪ್ಪಿಗೆಯಾದರೆ ಕಂಪ್ರೆಷನ್ ಟೆಸ್ಟ್. ಬಿಸಿ ಎಂಜಿನ್, ಎಲ್ಲ ಪ್ಲಗ್ ಹೊರಗೆ, ಇಂಧನ ಮತ್ತು ಇಗ್ನಿಷನ್ ಕಟ್, ಥ್ರಾಟಲ್ ಪೂರ್ತಿ ತೆರೆದು ಪ್ರತಿ ಸಿಲಿಂಡರ್‌ಗೂ ಸಮನಾಗಿ ಐದಾರು ಸುತ್ತು ಕ್ರ್ಯಾಂಕ್. ಗೇಜ್‌ಗಳ ನಡುವೆ ವ್ಯತ್ಯಾಸವಿರುವುದರಿಂದ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ಅಂತರವೇ ಮಾತಾಡುತ್ತದೆ, ಶೇ. 10ರೊಳಗೆ ಇರಲಿ. ಕಡಿಮೆ ಬಂದದ್ದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಡೈನೋ ಹಾಳೆಯನ್ನು ಫ್ರೇಮ್ ಹಾಕಿಸಿ ತೋರಿಸುವ ಡೀಲರ್‌ಗಳಿದ್ದಾರೆ. ಅದರ ಮೇಲೆ ಚಾಸಿ ನಂಬರ್, ದಿನಾಂಕ, ಓಡೋಮೀಟರ್ ಇಲ್ಲದಿದ್ದರೆ ಅದು ಯಾವ ಕಾರಿನದಾದರೂ ಆಗಿರಬಹುದು. ಪವರ್ ಚಕ್ರದಲ್ಲಿ ಅಳೆದದ್ದೇ, ಎಂಜಿನ್ ಲೆಕ್ಕಕ್ಕೆ ಪರಿವರ್ತಿಸಿದ್ದೇ, ಹವಾಮಾನಕ್ಕೆಂದು ಯಾವ ತಿದ್ದುಪಡಿ ಅಂಶ ಹಾಕಿದ್ದಾರೆ ಎಂಬುದೂ ಬರೆದಿರಬೇಕು. ಒಂದು ಸುಲಭ ಲೆಕ್ಕವಿದೆ: ಕಿಲೋವ್ಯಾಟ್ ಎಂದರೆ ನ್ಯೂಟನ್ ಮೀಟರ್ ಟಾರ್ಕ್ ಗುಣಿಸು ಆರ್‌ಪಿಎಂ, ಭಾಗಿಸು 9,549. 5,000 ಆರ್‌ಪಿಎಂನಲ್ಲಿ 400 ನ್ಯೂಟನ್ ಮೀಟರ್ ಇದ್ದರೆ ಸುಮಾರು 209 ಕಿಲೋವ್ಯಾಟ್ ಬರಬೇಕು. ಅಶ್ವಶಕ್ತಿ ಮತ್ತು ಪೌಂಡ್-ಅಡಿಗಳನ್ನು ಒಂದೇ ಅಳತೆಪಟ್ಟಿಯಲ್ಲಿ ಬರೆದ ನಕ್ಷೆಯಾದರೆ ಎರಡು ಗೆರೆಗಳು 5,252 ಆರ್‌ಪಿಎಂನಲ್ಲಿ ಸಂಧಿಸಲೇಬೇಕು. ಸಂಧಿಸದಿದ್ದರೆ ಆ ಹಾಳೆ ಹುಟ್ಟಿದ್ದು ಡೈನೋ ಮೇಲಲ್ಲ, ಪ್ರಿಂಟರ್‌ನಲ್ಲಿ.

ಪಟ್ಟಿಯಲ್ಲಿ ಎಂದೂ ಕಾಣದ ಭಾಗ ಗೇರ್‌ಬಾಕ್ಸ್. ಫೋಕ್ಸ್‌ವ್ಯಾಗನ್ ಸಮೂಹದ ಡಿಕ್ಯೂ200 ಎಂಬ 7 ಗೇರ್‌ನ ಒಣ ಕ್ಲಚ್ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ವಿನ್ಯಾಸ ಮಿತಿಯೇ 250 ನ್ಯೂಟನ್ ಮೀಟರ್. ಅದರ ಮುಂದಿರುವ ಎಂಜಿನ್‌ಗೆ ರೀಮ್ಯಾಪ್ ಆಗಿ ಟಾರ್ಕ್ ಆ ಗೆರೆ ದಾಟಿದ್ದರೆ ಕ್ಲಚ್ ಪ್ಯಾಕ್ ಎಷ್ಟು ದಿನದ್ದೆಂದು ಡೀಲರ್ ಹೇಳಲಾರರು. ಮ್ಯಾನುಯಲ್ ಕಾರಾದರೆ ಮೇಲಿನ ಗೇರ್‌ನಲ್ಲಿ ಕಡಿಮೆ ಆರ್‌ಪಿಎಂನಿಂದ ಪೂರ್ತಿ ಒತ್ತಿ: ವೇಗ ಏರದೆ ಆರ್‌ಪಿಎಂ ಮಾತ್ರ ಓಡಿದರೆ ಕ್ಲಚ್ ಜಾರುತ್ತಿದೆ.

ಕೆಳಗಿನ ಭಾಗದಲ್ಲಿ ಮೋಸ ಕಣ್ಣಿಗೇ ಕಾಣುತ್ತದೆ, ಕಾರನ್ನು ಜಾಕ್ ಮೇಲೆ ಎತ್ತಿಸಿದರೆ. ‘ಲೋವರಿಂಗ್ ಸ್ಪ್ರಿಂಗ್’ ಎಂದದ್ದು ಕಂಪನಿಯ ಸ್ಪ್ರಿಂಗನ್ನೇ ಕತ್ತರಿಸಿದ್ದಾಗಿರಬಹುದು. ತುದಿ ಒರಟಾಗಿರುತ್ತದೆ, ಅಲ್ಲಿ ಬಣ್ಣ ಇರುವುದಿಲ್ಲ, ಚಕ್ರ ತೂಗಾಡುವಾಗ ಸ್ಪ್ರಿಂಗ್ ಸೀಟಿನಲ್ಲಿ ಸಡಿಲವಾಗಿ ತಿರುಗುತ್ತದೆ. ಟಯರ್‌ನ ಒಳ ಅಂಚು ಮಾತ್ರ ಸವೆದಿದ್ದರೆ ತಗ್ಗಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿಲ್ಲ. ‘ಫೋರ್ಜ್ಡ್ ವೀಲ್’ (ಲೋಹವನ್ನು ಒತ್ತಿ ಮಾಡಿದ ಗಟ್ಟಿ ಚಕ್ರ) ಎಂದು ಹೇಳಿದರೆ ಒಳಮುಖದಲ್ಲಿ ತಯಾರಕರ ಗುರುತು, ಅಳತೆ, ಲೋಡ್ ಮಿತಿ ಅಚ್ಚಾಗಿದೆಯೇ ನೋಡಿ. ಜೆಡಬ್ಲ್ಯುಎಲ್ (ಜಪಾನಿನ ಚಕ್ರ ಗುಣಮಟ್ಟ) ಮುದ್ರೆ ನಕಲಿಯಲ್ಲೂ ಇರುತ್ತದೆ. ಚಕ್ರವನ್ನು ಹೊರಗೆ ತಳ್ಳುವ ಸ್ಪೇಸರ್ ಇದ್ದರೆ ಬೋಲ್ಟ್ ಉದ್ದವಿರಬೇಕು. 12 ಮಿ.ಮೀ. ವ್ಯಾಸ, 1.5 ಪಿಚ್ ಬೋಲ್ಟ್ ಬಿಗಿಯಾಗುವ ಮುನ್ನ ಕನಿಷ್ಠ ಆರೂವರೆ ಸುತ್ತು ಒಳಗೆ ಹೋಗಬೇಕು, ಅದೇ ಪಿಚ್‌ನ 14 ಮಿ.ಮೀ.ನದು ಏಳೂವರೆ. ಇಲ್ಲಿ ಕಡಿಮೆಯಿದ್ದರೆ ಚೌಕಾಸಿ ಬೇಡ, ಆ ಸ್ಥಿತಿಯಲ್ಲಿ ಕಾರು ಓಡಿಸಲೂ ಬೇಡ.

‘ಡಿಜಿಟಲ್ ಮೀಟರ್ ಅಪ್‌ಗ್ರೇಡ್’ ಎಂದು ಹೆಮ್ಮೆಯಿಂದ ತೋರಿಸಿದರೆ ಕಿವಿ ನೆಟ್ಟಗಾಗಲಿ. ಮೀಟರ್ ಬದಲಿಸುವಾಗ ಹೊಸದಕ್ಕೆ ಬರೆಯುವ ಕಿಲೋಮೀಟರ್ ಬರೆಯುವವರ ಕೈಯಲ್ಲಿರುತ್ತದೆ. ಹಲವು ಕಾರುಗಳಲ್ಲಿ ದೂರ ಎಂಜಿನ್ ಇಸಿಯು, ಗೇರ್‌ಬಾಕ್ಸ್ ಮಾಡ್ಯೂಲ್‌ಗಳಲ್ಲೂ, ಕೆಲವದರಲ್ಲಿ ಕೀಲಿಯಲ್ಲೂ ಉಳಿಯುತ್ತದೆ. ಎಲ್ಲವನ್ನೂ ಓದಿಸಿ ಹೋಲಿಸಿ.

ಡೀಲರ್‌ನ ಬಾಯಿಮಾತುಗಳಲ್ಲಿ ನಮಗೆ ಅತ್ಯಂತ ದುಬಾರಿಯಾಗಿ ಕಂಡದ್ದು ‘ಬೇಕಾದರೆ ಸ್ಟಾಕ್ ಮಾಡಿಕೊಳ್ಳಬಹುದು’, ಅಂದರೆ ಕಂಪನಿ ಕೊಟ್ಟ ಸ್ಥಿತಿಗೆ ತರಬಹುದು ಎಂಬುದು. ಕಂಪನಿಯ ಮೂಲ ಪಾರ್ಟ್ಸ್ ಡಿಕ್ಕಿಯಲ್ಲಿಲ್ಲದಿದ್ದರೆ ಅದು ಮತ್ತೆ ಕ್ಯಾಟಲಿಟಿಕ್ ಕನ್ವರ್ಟರ್, ಸಸ್ಪೆನ್ಷನ್, ಚಕ್ರಗಳನ್ನು ಹೊಸದಾಗಿ ಕೊಳ್ಳುವ ಸಲಹೆ. ವಿಮಾ ಕಂಪನಿಗೆ ಮಾಡಿಫಿಕೇಷನ್ ತಿಳಿಸದಿದ್ದರೆ ಕ್ಲೇಮ್ ತಿರಸ್ಕಾರವಾಗುವ ಅಪಾಯವನ್ನು ಇವರು ಎತ್ತುವುದೇ ಇಲ್ಲ. ಪಾರ್ಟ್ಸ್ ಪಟ್ಟಿಯನ್ನು ಮಾರಾಟ ಪತ್ರದ ಭಾಗವಾಗಿಯೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಸಹಿಗೆ ಹಿಂಜರಿದರೆ ಪಟ್ಟಿಯ ಮೇಲೆ ಅವರಿಗೇ ನಂಬಿಕೆಯಿಲ್ಲ. ‘ಇದ್ದ ಸ್ಥಿತಿಯಲ್ಲಿ’ ಎಂಬ ಷರತ್ತು ಪತ್ರದಲ್ಲಿದ್ದರೆ ಆ ಸಹಿಯ ಪಟ್ಟಿ ಇನ್ನಷ್ಟು ಮುಖ್ಯ.

ಮೋಸ ಕೊಂಡ ಮೇಲೆ ಗೊತ್ತಾಯಿತೇ? ಮೊದಲು ಏನನ್ನೂ ಬಿಚ್ಚಬೇಡಿ, ಕೋಡ್ ಅಳಿಸಬೇಡಿ, ಹೊಸ ಮ್ಯಾಪ್ ಹಾಕಿಸಬೇಡಿ. ಪೂರ್ತಿ ಸ್ಕ್ಯಾನ್ ವರದಿ ಉಳಿಸಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಮೆಸೇಜ್‌ಗಳನ್ನು ದಿನಾಂಕ ಕಾಣುವಂತೆ ತೆಗೆದಿಡಿ. ಡೀಲರ್‌ಗೆ ಸಂಬಂಧವಿಲ್ಲದ ಗ್ಯಾರೇಜಿನಿಂದ ಫೋಟೋ ಸಹಿತ ಬರಹದ ವರದಿ ಪಡೆದು, ಆಮೇಲೆ ಡೀಲರ್‌ಗೆ ಲಿಖಿತ ದೂರು ಕೊಡಿ. ಫೋನಿನಲ್ಲಿ ಮಾತಾಡಿದರೆ ಮಾತು ಗಾಳಿಗೆ ಹೋಗುತ್ತದೆ. ಆಯಿಲ್ ಬದಲಿಸುವ ಮುನ್ನ ಲ್ಯಾಬ್‌ಗೆಂದು ಮಾದರಿ ತೆಗೆಯಿರಿ: ಬಿಸಿ ಎಂಜಿನ್‌ನಿಂದ, ಡ್ರೇನ್ ಧಾರೆಯ ಮಧ್ಯಭಾಗವನ್ನು ಶುದ್ಧ ಬಾಟಲಿಗೆ ಹಿಡಿದು. ಪೆಟ್ರೋಲ್ ಬೆರೆತಿದೆಯೇ, ಬೇರಿಂಗ್ ಲೋಹ ಎಷ್ಟಿದೆ ಎಂಬುದು ಅದರಲ್ಲಿ ಬರುತ್ತದೆ. ಆ ಆಯಿಲ್ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ ಬಾಟಲಿಯ ಮೇಲೆ ಬರೆಯಿರಿ, ಅದಿಲ್ಲದೆ ಲ್ಯಾಬ್ ಕೊಡುವ ಅಂಕಿಗಳನ್ನು ಅಳೆದು ನೋಡಲು ಆಧಾರವಿರುವುದಿಲ್ಲ.