ಒಣ ರಸ್ತೆಯಲ್ಲಿ ಅಂಟಿಕೊಳ್ಳುತ್ತಿದ್ದ ಟೈರ್ ಮಳೆಯಲ್ಲಿ ಕೈಕೊಟ್ಟಿತು

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಲಿಲ್ಲ. ಮುಂದಿನ ಬಂಪರ್ ಒಡೆಯಿತು, ಒಂದು ಹೆಡ್‌ಲೈಟ್ ಹೋಯಿತು, ಒಂದು ಅಲಾಯ್ ವೀಲ್ ಸೊಟ್ಟಗಾಯಿತು. ನನ್ನ ಹೆಂಡತಿ ಪುತ್ತೂರು ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ.

ಬೆಂಗಳೂರಿನಿಂದ ಪುತ್ತೂರಿಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತೇವೆ, ಅತ್ತೆ ಮನೆ ಅಲ್ಲಿದೆ. ಶಿರಾಡಿ ಘಾಟಿಯಲ್ಲಿ ಜಾರಿರಬೇಕು ಅಂದುಕೊಂಡಿರಿ ಅಲ್ವಾ? ಅಲ್ಲ. ಘಾಟಿಯಲ್ಲಿ ನಾನು ಯಾವತ್ತೂ ಹುಷಾರು. ಜಾರಿದ್ದು ಚನ್ನರಾಯಪಟ್ಟಣ ದಾಟಿದ ಮೇಲೆ, ಹಾಸನದ ಕಡೆಗೆ, ನೇರವಾದ ನಾಲ್ಕು ಪಥದ ರಸ್ತೆಯಲ್ಲಿ.

ಕಥೆ ಶುರುವಾಗಿದ್ದು ಅದಕ್ಕೂ 16 ತಿಂಗಳ ಹಿಂದೆ. ಕಂಪನಿಯಿಂದ ಬಂದ ಟೈರುಗಳು 44,000 ಕಿ.ಮೀ. ಓಡಿ ಮುಗಿದಿದ್ದವು. ನನ್ನದು ಸಣ್ಣ ಹ್ಯಾಚ್‌ಬ್ಯಾಕ್, ಟರ್ಬೊ ಎಂಜಿನ್, 195/55 ಆರ್16 ಟೈರ್. ಓಡಿಸುವ ಖಯಾಲಿ ಸ್ವಲ್ಪ ಜಾಸ್ತಿ. ಈ ಸಲ ಒಳ್ಳೆ ಗ್ರಿಪ್ ಇರುವ ಟೈರ್ ಹಾಕಿಸಬೇಕು ಅಂತ ಜೆ.ಸಿ. ರಸ್ತೆಯ ಒಂದು ಅಂಗಡಿಗೆ ಹೋದೆ.

"ಸಾರ್, ಇದು ಸಾಫ್ಟ್ ಕಾಂಪೌಂಡ್, ಅಂದ್ರೆ ಮೆತ್ತನೆ ರಬ್ಬರ್ ಮಿಶ್ರಣ. ರೋಡಿಗೆ ಅಂಟ್ಕೊಂಡ್ಬಿಡುತ್ತೆ. ನಿಮ್ಮ ಗಾಡಿಗೆ ಹೇಳಿ ಮಾಡಿಸಿದ್ದು," ಅಂದರು ಅಂಗಡಿಯವರು. ಎಷ್ಟು ಬಾಳಿಕೆ ಬರುತ್ತೆ ಅಂತ ಕೇಳಿದ್ದಕ್ಕೆ, "ಆರಾಮಾಗಿ 35 ಸಾವಿರ ಓಡುತ್ತೆ ಸಾರ್." ಒಂದೊಂದಕ್ಕೆ 1,500 ರೂಪಾಯಿ ಕಡಿಮೆಯನ್ನೂ ಮಾಡಿದರು. ನಾಲ್ಕಕ್ಕೆ 38,000 ಕೊಟ್ಟೆ. ಡಿಸ್ಕೌಂಟ್ ಯಾಕೆ ಅಂತ ಕೇಳಲಿಲ್ಲ. ಕಾರಣ ಟೈರಿನ ಪಕ್ಕದಲ್ಲೇ ಅಚ್ಚಾಗಿತ್ತು. ಡಿಒಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2219 ಅಂದರೆ 2019ರ 22ನೇ ವಾರ ತಯಾರಾದದ್ದು. ನಾನು ಕೊಂಡದ್ದು 2022ರಲ್ಲಿ. ಮೂರು ವರ್ಷ ಯಾವುದೋ ಗೋಡೌನಿನಲ್ಲಿ ಕೂತಿದ್ದ ರಬ್ಬರ್. ವಯಸ್ಸಾದಂತೆ ರಬ್ಬರ್ ಗಡುಸಾಗುತ್ತದೆ, ಅದರ ಮೊದಲ ಪೆಟ್ಟು ಬೀಳುವುದು ಒದ್ದೆ ರಸ್ತೆಯ ಹಿಡಿತಕ್ಕೆ. ಮಳೆಗಾಲಕ್ಕಂತಲೇ ಟೈರ್ ಹುಡುಕುವವರು ಈ ನಾಲ್ಕು ಅಂಕಿ ನೋಡದೆ ಕಾಸು ಬಿಚ್ಚಬೇಡಿ.

ಹಾಕಿಸಿದ ಮೇಲೆ ಸುಳ್ಳು ಯಾಕೆ ಹೇಳಲಿ, ಖುಷಿಯೋ ಖುಷಿ. ಒಣ ರಸ್ತೆಯ ತಿರುವಿನಲ್ಲಿ ಗಾಡಿ ಹಳಿಯ ಮೇಲೆ ಹೋದಂತೆ ಹೋಗುತ್ತಿತ್ತು. ಸಕಲೇಶಪುರದಿಂದ ಇಳಿಯುವಾಗ ಒಂದು ಸಲವೂ ಕಿರುಗುಟ್ಟಲಿಲ್ಲ. ಆ ಖುಷಿ 16 ತಿಂಗಳೂ ಹಾಗೇ ಉಳಿಯಿತು. ನನಗೆ ಮುಳುವಾದದ್ದು ಅದೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೈರ್ ಸವೆದಂತೆ ಅದರ ಬಟನ್‌ಗಳು, ಅಂದರೆ ರಸ್ತೆಗೆ ತಾಗುವ ರಬ್ಬರ್ ಉಬ್ಬುಗಳು, ಕುಳ್ಳಾಗುತ್ತವೆ. ಕುಳ್ಳಾದ ಬಟನ್ ಅತ್ತಿತ್ತ ಬಾಗುವುದು ಕಡಿಮೆ. ಹಾಗಾಗಿ ಒಣ ರಸ್ತೆಯಲ್ಲಿ ಸವೆದ ಟೈರ್ ಹೊಸದರಷ್ಟೇ, ಒಮ್ಮೊಮ್ಮೆ ಹೊಸದಕ್ಕಿಂತಲೂ ಚೆನ್ನಾಗಿ ಹಿಡಿಯುತ್ತದೆ. ಆದರೆ ನೀರನ್ನು ಪಕ್ಕಕ್ಕೆ ತಳ್ಳುವುದು ಬಟನ್‌ಗಳ ನಡುವಿನ ಕಾಲುವೆಗಳು. ಅವು ಆಳ ಕಳೆದುಕೊಂಡರೆ ನೀರಿಗೆ ಹೋಗಲು ದಾರಿಯಿಲ್ಲ, ಟೈರ್ ಅದರ ಮೇಲೆ ತೇಲುತ್ತದೆ. ಓಡಿಸುವವನಿಗೆ ಮೊದಲೇ ಸೂಚನೆಯೂ ಸಿಗುವುದಿಲ್ಲ. ಫೆಬ್ರವರಿಯಿಂದ ಮೇವರೆಗೆ ಒಣ ರಸ್ತೆ, ಟೈರ್ ಫಸ್ಟ್ ಕ್ಲಾಸ್. ಜೂನ್ ಬಂತು ಅನ್ನುವಷ್ಟರಲ್ಲಿ ಅದು ಬೇರೆಯೇ ಟೈರ್.

ಅವತ್ತು ಸಂಜೆ ಜೋರು ಮಳೆ. ನಾನು 90ರ ಆಸುಪಾಸಿನಲ್ಲಿದ್ದೆ. ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸು ಅದಕ್ಕಿಂತ ಜೋರಾಗಿತ್ತು ಅನ್ನುವುದು ನೆಪ ಅಷ್ಟೆ. ರಸ್ತೆ ತುಸು ತಗ್ಗಾಗಿದ್ದ ಕಡೆ ನೀರು ನಿಂತಿತ್ತು. ಇದ್ದಕ್ಕಿದ್ದಂತೆ ಸ್ಟೇರಿಂಗ್ ಹಗುರಾಯಿತು, ಕೈಯಲ್ಲಿ ಏನೂ ಇಲ್ಲ ಅನ್ನುವಷ್ಟು. ಎಂಜಿನ್ ಸದ್ದು ಮಾತ್ರ ಏರಿತು. "ರೀ!" ಅಂದಳು ಹೆಂಡತಿ. ನಾನು ಮಾಡಬಾರದ ಎರಡನ್ನೂ ಮಾಡಿದೆ: ಬ್ರೇಕ್ ಒತ್ತಿದೆ, ಸ್ಟೇರಿಂಗ್ ಎಡಕ್ಕೆ ಎಳೆದೆ. ನೀರಿನ ಮೇಲೆ ತೇಲುವಾಗ ಎರಡಕ್ಕೂ ಅರ್ಥವಿಲ್ಲ. ಎಬಿಎಸ್ ಕೂಡ ಟೈರ್ ರಸ್ತೆಯನ್ನು ಮುಟ್ಟಿದ್ದರೆ ತಾನೆ ಕೆಲಸ ಮಾಡುವುದು? ನೀರು ಮುಗಿದ ಕ್ಷಣ ಹಿಡಿತ ವಾಪಸ್ ಬಂತು, ಎಳೆದು ಹಿಡಿದಿದ್ದ ಕಡೆಗೇ ಗಾಡಿ ಎಗರಿತು. ಪಕ್ಕದ ಕಬ್ಬಿಣದ ತಡೆಗೆ ಹೋಗಿ ಬಡಿಯಿತು. ಹಿಂದೆ ಲಾರಿ ಇರಲಿಲ್ಲ. ಬದುಕಿದ್ದು ಅಷ್ಟಕ್ಕೇ.

(ಮಾಡಬೇಕಿದ್ದದ್ದು ಇಷ್ಟೇ: ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯುವುದು, ಸ್ಟೇರಿಂಗ್ ನೇರ ಹಿಡಿಯುವುದು, ಬ್ರೇಕ್ ಮುಟ್ಟದಿರುವುದು. ಓದುವಾಗ ಸುಲಭ.)

ಹಾಸನದಲ್ಲಿ ಗಾಡಿ ಲಿಫ್ಟ್‌ಗೆ ಏರಿಸಿದಾಗ ಮೆಕ್ಯಾನಿಕ್ ಹುಡುಗ ಮುಂದಿನ ಟೈರಿನ ಒಳ ಅಂಚಿಗೆ ಬೆರಳಿಟ್ಟು, "ಸಾರ್, ಇಲ್ಲಿ ಬೋಳಾಗಿದೆಯಲ್ಲ!" ಅಂದ. ಒಳ ಅಂಚು 1.6 ಮಿ.ಮೀ.ನ ಗೆರೆಗೆ ಬಂದಿತ್ತು. ಕಾಲುವೆಯೊಳಗೆ ಅಡ್ಡಡ್ಡ ಸಣ್ಣ ದಿಬ್ಬಗಳಿರುತ್ತವಲ್ಲ, ಅದೇ ಗೆರೆ. ಕಾರಿಗೆ ಕಾನೂನಿನ ಮಿತಿಯೂ ಅದೇ. ಟೈರಿನ ನಡುಭಾಗದಲ್ಲಿ 2.4 ಮಿ.ಮೀ. ಉಳಿದಿತ್ತು. ಓಡಿದ್ದು 17,000 ಕಿ.ಮೀ. ಮಾತ್ರ. ಅಂಗಡಿಯವರ 35 ಸಾವಿರದ ಅರ್ಧ.

ಒಳ ಅಂಚಿನ ತಪ್ಪು ಟೈರಿನದ್ದಲ್ಲ, ನನ್ನದು. ಒಂದು ಗುಂಡಿಗೆ ಜೋರಾಗಿ ಇಳಿದ ಮೇಲೆ ಚಕ್ರಗಳ ಓರೆ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿರಲಿಲ್ಲ. ಹಿಂದೆ ಮುಂದೆ ಬದಲಾಯಿಸುವ ರೊಟೇಷನ್ ಅಂತೂ ಒಮ್ಮೆಯೂ ಇಲ್ಲ. ಗಟ್ಟಿ ಟೈರ್ ಈ ಸೋಮಾರಿತನವನ್ನು ಒಂದಷ್ಟು ಕಾಲ ತಡೆದುಕೊಳ್ಳುತ್ತದೆ. ಮೆತ್ತನೆಯ ಟೈರ್ ತಡೆದುಕೊಳ್ಳುವುದಿಲ್ಲ.

ಇನ್ನು ಟ್ರೆಡ್‌ವೇರ್ ಅನ್ನುವ ಅಂಕಿ. ಇದು ಹೆಚ್ಚಿದ್ದಷ್ಟೂ ಟೈರ್ ನಿಧಾನವಾಗಿ ಸವೆಯುತ್ತದೆ ಅಂತ ಲೆಕ್ಕ. ನನ್ನ ಟೈರಿನ ಮೇಲೆ 220 ಇತ್ತು. ಇದು ಅಮೆರಿಕದ ಪದ್ಧತಿ. ಟೆಕ್ಸಾಸ್‌ನಲ್ಲಿ ಸುಮಾರು 640 ಕಿ.ಮೀ. ಉದ್ದದ ಗೊತ್ತಾದ ದಾರಿಯಲ್ಲಿ, ಒಂದು ಮಾದರಿ ಟೈರಿನ ಜೊತೆ ಒಟ್ಟು ಸುಮಾರು 11,500 ಕಿ.ಮೀ. ಓಡಿಸಿ ಹೋಲಿಸುತ್ತಾರೆ. ಆದರೆ ಅಂಕಿ ಕೊಡುವುದು ಟೈರ್ ಮಾಡಿದ ಕಂಪನಿಯೇ. ಹಾಗಾಗಿ ಒಂದು ಕಂಪನಿಯ 300ನ್ನು ಇನ್ನೊಂದರ 300ರ ಪಕ್ಕ ಇಟ್ಟು ನೋಡುವುದು ಸುಮ್ನೆ. ಅಮೆರಿಕದ ಎಸ್‌ಸಿಸಿಎ ಅನ್ನುವ ಕಾರ್ ಸ್ಪರ್ಧೆಗಳ ಸಂಸ್ಥೆಯ ಸೋಲೋ ಸ್ಪರ್ಧೆಯ ಸ್ಟ್ರೀಟ್ ವರ್ಗಕ್ಕೆ ಈ ಅಂಕಿ ಕನಿಷ್ಠ 200 ಇರಬೇಕು. ರೇಸಿಗೆ ಹತ್ತಿರದ ಎಷ್ಟೋ ಟೈರುಗಳ ಮೇಲೆ ಸರಿಯಾಗಿ 200 ಅಂತಲೇ ಅಚ್ಚಾಗಿರುವುದನ್ನು ನೋಡಿದರೆ ನಗು ಬರುತ್ತದೆ. ಯೊಕೊಹಾಮಾ ಆಡ್ವಾನ್ ನಿಯೋವಾ ಎಡಿ09 ಆ 200ರ ಗುಂಪಿನದು. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ 300. ದಿನಾ ಆಫೀಸಿಗೆ ಹೋಗಿ ತಿಂಗಳಿಗೊಮ್ಮೆ ಊರಿಗೆ ಹೋಗುವವನಿಗೆ 220ರ ಟೈರ್ ಯಾಕೆ ಬೇಕಿತ್ತು, ನೀವೇ ಹೇಳಿ. ಟ್ರೆಡ್‌ವೇರ್ ಅಂಕಿಯ ಪಕ್ಕದಲ್ಲೇ ಇರುವ ಟ್ರಾಕ್ಷನ್ ಗ್ರೇಡ್ ಎಎ, ಎ ಅನ್ನುವುದು ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದ್ದರ ಅಳತೆ. ತಿರುವಿನ ಬಗ್ಗೆಯೂ, ನಿಂತ ನೀರಿನಲ್ಲಿ ತೇಲುವುದರ ಬಗ್ಗೆಯೂ ಅದು ಏನೂ ಹೇಳುವುದಿಲ್ಲ.

ಈಗ ನಾನು ಲೆಕ್ಕ ಹಾಕುವ ರೀತಿ ಬೇರೆ. ನಮ್ಮ ಕಡೆಯ ಮಳೆಗೆ ಟೈರಿನ ಆಯಸ್ಸು 3 ಮಿ.ಮೀ.ಗೇ ಮುಗಿಯಿತು ಅಂದುಕೊಳ್ಳುತ್ತೇನೆ, 1.6ಕ್ಕಲ್ಲ. ಆ ಮೆತ್ತನೆಯ ಟೈರ್ ಶುರುವಾಗಿದ್ದೇ 7 ಮಿ.ಮೀ.ನಿಂದ. ಅಂದರೆ ಕೈಗೆ ಸಿಕ್ಕಿದ್ದು 4 ಮಿ.ಮೀ., ಸುಮಾರು 15,000 ಕಿ.ಮೀ. ಕಿಲೋಮೀಟರಿಗೆ ಎರಡೂವರೆ ರೂಪಾಯಿ! ಆಮೇಲೆ ಹಾಕಿಸಿದ್ದು 8 ಮಿ.ಮೀ.ನ, ಟ್ರೆಡ್‌ವೇರ್ 340ರ ಟೈರ್, ನಾಲ್ಕಕ್ಕೆ 34,000. ಕಾಂಪೌಂಡ್‌ನಲ್ಲಿ ಸಿಲಿಕಾ ಜಾಸ್ತಿ ಇರುವಂಥದ್ದನ್ನೇ ಕೇಳಿ ತೆಗೆದುಕೊಂಡೆ, ಒದ್ದೆ ಹಿಡಿತಕ್ಕೆ ಅದು ಒಳ್ಳೆಯದು. 26,000 ಓಡಿದೆ, ಇನ್ನೂ 4.5 ಉಳಿದಿದೆ. ಇದೇ ಲೆಕ್ಕದಲ್ಲಿ ಕಿಲೋಮೀಟರಿಗೆ ಒಂದು ರೂಪಾಯಿಗೂ ಕಡಿಮೆ ಬೀಳುತ್ತದೆ. ಒಣ ತಿರುವಿನಲ್ಲಿ ಮೊದಲಿನ ಮಜಾ ಇಲ್ಲ, ಒಪ್ಪುತ್ತೇನೆ. ಹತ್ತರಲ್ಲಿ ಎಂಟು ಮಾರ್ಕ್ಸ್ ಕೊಡಬಹುದು.

ಹಾಗಂತ ಪೂರ್ತಿ ಆಚೆ ದಡಕ್ಕೂ ಹಾರಬೇಡಿ. ನನ್ನ ಭಾವ ನನ್ನ ಕಥೆ ಕೇಳಿ, ಸವೆಯುವುದೇ ಇಲ್ಲ ಅನ್ನುವಂಥ ಕಲ್ಲಿನಂಥ ಟೈರ್ ಹಾಕಿಸಿದರು. ಈಗ ಮೊದಲ ಮಳೆ ಬಿದ್ದರೆ ಉಪ್ಪಿನಂಗಡಿಯ ತಿರುವಿನಲ್ಲಿ 40ಕ್ಕಿಂತ ಮೇಲೆ ಹೋಗಲು ಅವರಿಗೇ ಭಯ.

200–300 ರೂಪಾಯಿಗೆ ಟೈರಿನ ಆಳ ಅಳೆಯುವ ಗೇಜ್ ಸಿಗುತ್ತದೆ. ಅದೂ ಬೇಡವೆಂದರೆ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಮುಂದಿನ ಟೈರಿನ ಒಳ ಅಂಚಿಗೆ ಕೈ ಹಾಕಿ. ಹೊರಗಿನಿಂದ ನೋಡಿದರೆ ನನ್ನದೂ ಚೆನ್ನಾಗಿಯೇ ಕಾಣುತ್ತಿತ್ತು.