ಒಂದೇ ಜಗಲಿ, ಮೂರು ದಾರಿ: ಆ್ಯನಿಮೇಶನ್ ಹಿನ್ನೆಲೆ ಬರೆಯಲು ನಾನು ಕಲಿತ ಬಗೆ

ಒಂದು ಕಿರುಚಿತ್ರಕ್ಕೆ ನಾನು ಬರೆದುಕೊಟ್ಟ ಹಿನ್ನೆಲೆ ವಾಪಸ್ ಬಂತು. ಕಾಡಿನ ನಡುವೆ ಒಂದು ಕಾಲುದಾರಿ. ಹನ್ನೊಂದು ದಿನ ಕೂತು ಎಲೆ ಎಲೆಯನ್ನೂ ಬಿಡಿಸಿದ್ದೆ. ಅದರ ಮೇಲೆ ಹುಡುಗಿಯ ಪಾತ್ರ ಇಟ್ಟು ನೋಡಿದ ನಿರ್ದೇಶಕರು ಕೇಳಿದ್ದು ಒಂದೇ ಮಾತು: "ಹುಡುಗಿ ಎಲ್ಲಿ?" ನಿಜವಾಗಿಯೂ ಅವಳು ಕಾಣುತ್ತಿರಲಿಲ್ಲ. ಅವಳ ಲಂಗ, ಹಿಂದಿನ ಪೊದೆ, ಪೊದೆಯ ನೆರಳು ಮೂರೂ ಬೇರೆ ಬೇರೆ ಬಣ್ಣವಾದರೂ ಕತ್ತಲೆ–ಬೆಳಕಿನ ಲೆಕ್ಕದಲ್ಲಿ ಒಂದೇ ಬೂದು.

ಆಮೇಲೆ ಓದಿ ತಿಳಿದದ್ದು, ಡಿಸ್ನಿಯವರು 1942ರ ಬ್ಯಾಂಬಿ ಎಂಬ ಆ್ಯನಿಮೇಶನ್ ಚಿತ್ರ ಮಾಡುವಾಗಲೂ ಇದೇ ತೊಡಕು ಎದುರಾಗಿತ್ತು. ಮೊದಲು ಬರೆದ ಕಾಡುಗಳಲ್ಲಿ ಎಲೆ, ರೆಂಬೆ ಎಷ್ಟು ತುಂಬಿಕೊಂಡಿದ್ದವೆಂದರೆ ಜಿಂಕೆಮರಿ ಅದರೊಳಗೆ ಕಳೆದುಹೋಗುತ್ತಿತ್ತು. ಟೈರಸ್ ವಾಂಗ್ ಎಂಬ ಚೀನೀ ಮೂಲದ ಕಲಾವಿದ ಅಂಚುಗಳನ್ನು ಮಂಜಿನಲ್ಲಿ ಕರಗಿಸಿ, ಜಿಂಕೆ ನಿಲ್ಲುವ ಕಡೆ ಮಾತ್ರ ಬೆಳಕು ಬಿಟ್ಟು ದಾರಿ ತೋರಿಸಿದರು. ಹಿನ್ನೆಲೆ ಬರೆಯುವವರ ಮೊದಲ ಕೆಲಸ ಪಾತ್ರಕ್ಕೆ ಜಾಗ ಮಾಡಿಕೊಡುವುದು ಎಂಬುದು ನನಗೆ ಆಗ ಮನಸ್ಸಿಗೆ ನಾಟಿತು.

ಹೊಸದಾಗಿ ಕಲಿಯೋಣ ಅಂತ ಹೊರಟೆ. ಕೇಳಿದವರೆಲ್ಲ ಮೂರು ದಾರಿ ಹೇಳುತ್ತಿದ್ದರು: ಸಿನಿಮಾ ಚೌಕಟ್ಟುಗಳನ್ನು ನಕಲು ಮಾಡು, ಹೊರಗೆ ಕೂತು ಬಣ್ಣದಲ್ಲಿ ಬರೆ, ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಮನೆ ಕಟ್ಟಿ ಅದರ ಮೇಲೆ ಬಣ್ಣ ಹಚ್ಚು. ಒಂದೊಂದಕ್ಕೂ ಆರು ವಾರ ಕೊಟ್ಟೆ. ಪ್ರತಿ ಸರದಿಯ ಕೊನೆಗೆ ಒಂದೇ ಪರೀಕ್ಷೆ: ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮನ ಮನೆಯ ಜಗಲಿ, ಸಂಜೆ ನಾಲ್ಕೂವರೆಯ ಬಿಸಿಲು, ಬಾಗಿಲ ಹತ್ತಿರ ಒಬ್ಬ ಹುಡುಗಿ ನಿಲ್ಲಲು ಜಾಗ. ಅಳತೆ 1920×1080 ಪಿಕ್ಸೆಲ್. ಕಂಬಗಳು ಒಂದು ಪದರ, ಜಗಲಿ ಒಂದು, ಹಿಂದಿನ ಅಡಿಕೆ ತೋಟ ಇನ್ನೊಂದು.

ನಕಲಿನಿಂದ ಶುರು ಮಾಡಿದೆ. ಸಿನಿಮಾ ನಿಲ್ಲಿಸಿ, ಚೌಕಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಕೃತಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ನಲವತ್ತು ನಿಮಿಷದಲ್ಲಿ ಬರೆದು ಮುಗಿಸಬೇಕು. ಬಣ್ಣ ಹೆಕ್ಕುವ ಕಡ್ಡಿ ಮುಟ್ಟುವಂತಿಲ್ಲ, ಕಣ್ಣಳತೆಯಲ್ಲೇ ಬಣ್ಣ ಹುಡುಕಬೇಕು. ಇಪ್ಪತ್ತು ಚೌಕಟ್ಟು ಆಗುವ ಹೊತ್ತಿಗೆ ಒಂದು ವಿಷಯ ಸ್ಪಷ್ಟವಾಯಿತು. ಒಳ್ಳೆಯ ಹಿನ್ನೆಲೆ ದೂರದಿಂದ ನೋಡಿದರೆ ಮೂರೇ ಬೂದು ತುಂಡು: ಒಂದು ಕಪ್ಪು, ಒಂದು ನಡುವಿನದು, ಒಂದು ತಿಳಿ. ಸಣ್ಣ ಕುಸುರಿಯೆಲ್ಲ ಆ ತುಂಡುಗಳ ಒಳಗೇ ಅಡಗಿರುತ್ತದೆ.

ಇದನ್ನು ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. ಸ್ಯಾಚುರೇಶನ್ (ಬಣ್ಣದ ತೀವ್ರತೆ) ಸೊನ್ನೆಗೆ ಇಳಿಸಿ ಕಪ್ಪು–ಬಿಳುಪು ನೋಡಬೇಡಿ. ಎಚ್‌ಎಸ್‌ಎಲ್, ಅಂದರೆ ಬಣ್ಣವನ್ನು ವರ್ಣ, ತೀವ್ರತೆ, ತಿಳಿತನ ಎಂದು ಅಳೆಯುವ ಲೆಕ್ಕದಲ್ಲಿ ಅಚ್ಚ ಹಳದಿಯೂ ಅಚ್ಚ ನೀಲಿಯೂ ಒಂದೇ ಬೂದಾಗಿಬಿಡುತ್ತವೆ, ನಮ್ಮ ಕಣ್ಣಿಗಾದರೋ ಹಳದಿ ಎಷ್ಟೋ ಪಾಲು ತಿಳಿ. ಎಲ್ಲಕ್ಕಿಂತ ಮೇಲೆ ಬೂದು ತುಂಬಿದ ಒಂದು ಪದರ ಹಾಕಿ, ಅದರ ಬ್ಲೆಂಡಿಂಗ್ ಮೋಡ್ (ಕೆಳಗಿನ ಪದರಗಳೊಡನೆ ಬೆರೆಯುವ ಬಗೆ) ಅನ್ನು 'ಕಲರ್'ಗೆ ಬದಲಾಯಿಸಿ. ಆಗ ಬರುವ ಬೂದು ಕಣ್ಣು ಕಾಣುವುದಕ್ಕೆ ಹತ್ತಿರ ಇರುತ್ತದೆ. ನನ್ನ ಕಾಡನ್ನು ಹೀಗೆ ನೋಡಿದ್ದರೆ ಮೊದಲ ದಿನವೇ ತಪ್ಪು ಸಿಗುತ್ತಿತ್ತು.

ನಕಲಿನ ಆರು ವಾರ ಮುಗಿದು ಬರೆದ ಜಗಲಿಯಲ್ಲಿ ಹುಡುಗಿ ಚೆನ್ನಾಗಿಯೇ ಕಂಡಳು. ಆದರೆ ಅದು ದೊಡ್ಡಮ್ಮನ ಜಗಲಿಯಾಗಿರಲಿಲ್ಲ. ಅಂಗಳದ ಮೇಲೆ ಜಪಾನಿನ ಬೇಸಿಗೆಯ ನೀಲಿ ನೆರಳು, ಆಕಾಶದಲ್ಲಿ ಅಲ್ಲಿಯದೇ ಹತ್ತಿಯಂಥ ಮೋಡ. ನಕಲು ಮಾಡುವಾಗ ನನಗೆ ಸಿಕ್ಕಿದ್ದು ಇನ್ನೊಬ್ಬರು ನೋಡಿ ತೀರ್ಮಾನಿಸಿದ ಬಣ್ಣ. 1988ರ ಜಪಾನೀ ಆ್ಯನಿಮೇಶನ್ ಚಿತ್ರ ಮೈ ನೇಬರ್ ಟೊಟೊರೊದ ಕಲಾ ನಿರ್ದೇಶಕ ಕಝುವೊ ಓಗಾ ಪೋಸ್ಟರ್ ಬಣ್ಣದಲ್ಲಿ ಬರೆದವರು. ಅವರ ಚೌಕಟ್ಟುಗಳನ್ನೇ ವಾರಗಟ್ಟಲೆ ನೋಡಿದ ಮೇಲೆ, ನಾನೂ ಪೋಸ್ಟರ್ ಬಣ್ಣದ ಡಬ್ಬಿ ಹಿಡಿದುಕೊಂಡು ಹೊರಗೆ ಹೋದೆ.

ಈ ಎರಡನೆಯ ದಾರಿಯ ಬಗ್ಗೆ ಎಷ್ಟು ಹೇಳಿದರೂ ಸಾಲದು. ಅಂಚೆ ಕಾರ್ಡಿನಷ್ಟು ಕಾಗದ, ಐದು ಬಣ್ಣ, ಎರಡು ಕುಂಚ. ಬೆಂಗಳೂರಿನಲ್ಲಿದ್ದಾಗ ಬೆಳಿಗ್ಗೆ ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಎದುರು, ಆಮೇಲೆ ಹತ್ತು ದಿನ ರಜೆ ಹಾಕಿ ದೊಡ್ಡಮ್ಮನ ಮನೆಯಲ್ಲಿ. ಒಂದು ಚಿತ್ರಕ್ಕೆ ಅರ್ಧ ಗಂಟೆ, ಅದಕ್ಕಿಂತ ಹೆಚ್ಚು ಕೂರಲು ಸೂರ್ಯ ಬಿಡುವುದಿಲ್ಲ. ಮಾಡಿನ (ಮನೆಯ ಚಾವಣಿಯ) ನೆರಳಿನ ಗೆರೆ ಅಷ್ಟರೊಳಗೆ ಅಂಗಳದಲ್ಲಿ ಗೇಣಿಗಿಂತ ಹೆಚ್ಚು ಸರಿದಿರುತ್ತದೆ. ಹಾಗಾಗಿ ಮೊದಲ ಐದು ನಿಮಿಷದಲ್ಲೇ ಕಪ್ಪು ಎಲ್ಲಿ, ತಿಳಿ ಎಲ್ಲಿ ಎಂದು ತೀರ್ಮಾನಿಸಿ ಹಾಕಿಬಿಡಬೇಕು.

ಮೂರನೆಯ ದಿನ ಒಂದು ಸಂಗತಿ ಕಂಡಿತು. ಮಾಡಿನ ಒಳಮೈ, ಅಂದರೆ ಹೆಂಚಿನ ಕೆಳಗಿನ ಮರದ ರೀಪು–ಪಕಾಸಿಗಳು, ಬಿಸಿಲು ನೇರ ಬೀಳದ ಜಾಗ. ಕಪ್ಪಿರುತ್ತದೆ ಅಂತಲೇ ಇಷ್ಟು ವರ್ಷ ಬರೆದಿದ್ದೆ. ಮೊಬೈಲಿನಲ್ಲಿ ಫೋಟೊ ತೆಗೆದರೂ ಕಪ್ಪೇ. ಆದರೆ ಕಣ್ಣು ಅರ್ಧ ಮುಚ್ಚಿ ನೋಡಿದರೆ ಅಲ್ಲಿ ಕೆಂಡದ ಹಾಗೆ ಒಂದು ಮಂದ ಕಿತ್ತಳೆ. ಅಂಗಳದ ಕೆಮ್ಮಣ್ಣಿಗೆ ಬಡಿದ ಬಿಸಿಲು ಮೇಲಕ್ಕೆ ಪುಟಿದು ಮಾಡಿನ ಅಡಿಯನ್ನು ಬೆಳಗುತ್ತಿತ್ತು. ಅದೇ ಹೊತ್ತಿಗೆ ಜಗಲಿಯ ನೆಲ ಆಕಾಶದ ಬೆಳಕಿಗೆ ತಣ್ಣಗೆ ನೀಲಿಯಾಗಿತ್ತು. ಒಂದೇ ನೆರಳಿನೊಳಗೆ ಮೇಲೆ ಬಿಸಿ ಬಣ್ಣ, ಕೆಳಗೆ ತಂಪು ಬಣ್ಣ! ಆ ದಿನ ಎಂಟು ಕಾರ್ಡು ಬರೆದೆ.

ಕಷ್ಟಗಳೂ ಇವೆ. ಪೋಸ್ಟರ್ ಬಣ್ಣ ಹಸಿಯಿದ್ದಾಗ ಒಂದು, ಒಣಗಿದ ಮೇಲೆ ಇನ್ನೊಂದು: ತಿಳಿ ಬಣ್ಣ ತುಸು ಗಾಢವಾಗುತ್ತದೆ, ಗಾಢ ಬಣ್ಣ ಬಿಳಚಿಕೊಳ್ಳುತ್ತದೆ. ಕೈಗೆ ಅದರ ಅಂದಾಜು ಹತ್ತಲು ಎರಡು ವಾರ ಬೇಕು. ಈ ಕಾರ್ಡುಗಳನ್ನು ರಾತ್ರಿ ಟ್ಯಾಬ್ಲೆಟ್‌ನಲ್ಲಿ ಮತ್ತೆ ಬರೆಯುತ್ತಿದ್ದೆ. ಬಣ್ಣ ಆಗಲೇ ತೀರ್ಮಾನವಾಗಿರುತ್ತಿದ್ದ ಕಾರಣ ಡಿಜಿಟಲ್ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತಿತ್ತು. ಪರೀಕ್ಷೆಯ ಜಗಲಿಯಲ್ಲಿ ಬೆಳಕು ಮೂರರಲ್ಲೇ ಶ್ರೇಷ್ಠ. ಸೋತದ್ದು ಕೋನದಲ್ಲಿ. ದೃಶ್ಯಕ್ಕೆ ಬೇಕಿದ್ದದ್ದು ತೆಂಗಿನ ಮರದ ಎತ್ತರದಿಂದ ಕಾಣುವ ಜಗಲಿ, ನಾನು ನೋಡಿದ್ದು ಮಣೆಯ ಮೇಲೆ ಕೂತು. ಊಹೆಯಿಂದ ಬರೆದ ಕಂಬಗಳು ಒಂದೊಂದು ದಿಕ್ಕಿಗೆ ವಾಲಿದವು.

ಬ್ಲೆಂಡರ್ ಇದಕ್ಕೆ ಮದ್ದು. ಟೇಪು ಹಿಡಿದು ಅಳೆದೆ: ಕಂಬದಿಂದ ಕಂಬಕ್ಕೆ ಏಳು ಅಡಿ, ಜಗಲಿಯ ಎತ್ತರ ಎರಡೂವರೆ. ಬರೀ ಪೆಟ್ಟಿಗೆಗಳನ್ನು ಜೋಡಿಸಿ ಒಂದೇ ಸಂಜೆಯಲ್ಲಿ ಮನೆ ನಿಂತಿತು. ಕ್ಯಾಮೆರಾ ತೆಂಗಿನ ಮರಕ್ಕೆ ಹತ್ತಿಸಿ, ಸೂರ್ಯನನ್ನು ಪಶ್ಚಿಮಕ್ಕೆ ಇಳಿಸಿ, ಹತ್ತು ಕೋನ ನೋಡಿ ಒಂದು ಆರಿಸಿಕೊಂಡೆ. ಕ್ಯಾಮೆರಾ ಸರಿದಾಗ ಕಂಬದ ಹಿಂದಿನಿಂದ ಎಷ್ಟು ಗೋಡೆ ಕಾಣುತ್ತದೆ, ಅಲ್ಲಿಯವರೆಗೆ ಬಣ್ಣ ತುಂಬಿರಬೇಕು ಎಂಬುದೂ ಮೊದಲೇ ಗೊತ್ತಾಯಿತು. ಒಂದೇ ಮನೆಯಲ್ಲಿ ಮೂವತ್ತು ಶಾಟ್ ಇದ್ದರೆ ಇದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಡಿ.

ಅದರ ಮೇಲೆ ಬರೆದ ಚಿತ್ರವನ್ನು ದೊಡ್ಡಮ್ಮನಿಗೆ ಕಳಿಸಿದೆ. ಫೋನ್ ಮಾಡಿ ಹೇಳಿದರು: "ನಮ್ಮ ಮನೆ ಮಾಡು ಎಲ್ಲಿ ಇಷ್ಟು ನೆಟ್ಟಗಿದೆ ಮಾರಾಯ್ತಿ? ನಡುವಿಗೆ ಬಗ್ಗಿದೆಯಲ್ಲ, ನೋಡಿಲ್ವಾ?" ಹೌದು, ಕಾರ್ಡುಗಳಲ್ಲೆಲ್ಲ ಆ ಬಾಗು ಇತ್ತು. ಪೆಟ್ಟಿಗೆಯ ಗೆರೆ ಕಣ್ಣೆದುರು ಇದ್ದಾಗ ಕೈ ಅದನ್ನೇ ಹಿಡಿದು ಹೋಗಿತ್ತು. ಇನ್ನೊಂದು ತಪ್ಪು ಬ್ಲೆಂಡರ್‌ನಲ್ಲಿ ಕ್ಯಾಮೆರಾ ಕೆಳಗಿಳಿಸಿದಾಗ ನನಗೇ ಕಂಡಿತು: ಮಾಡಿನ ಅಡಿ ಮತ್ತೆ ಸತ್ತ ಬೂದಾಗಿತ್ತು. ಬ್ಲೆಂಡರ್‌ನಲ್ಲಿ ಅಂತಿಮ ಚಿತ್ರ ಮಾಡಿಕೊಡುವ ಸೈಕಲ್ಸ್ ರೆಂಡರ್ ಪುಟಿಯುವ ಬೆಳಕನ್ನು ಲೆಕ್ಕ ಹಾಕುತ್ತದೆ ನಿಜ, ಆದರೆ ನಾನು ಅಂಗಳಕ್ಕೆ ಬಣ್ಣವನ್ನೇ ಕೊಟ್ಟಿರಲಿಲ್ಲ. ಬೂದು ನೆಲದಿಂದ ಬೂದು ಬೆಳಕೇ ಪುಟಿಯುತ್ತದೆ. ನೆಲಕ್ಕೆ ಕೆಮ್ಮಣ್ಣಿನ ಬಣ್ಣ ಹಾಕಿದ ತಕ್ಷಣ ಆ ಕಿತ್ತಳೆ ಬಂತು. ಹೊರಗೆ ಕೂತು ಅದನ್ನು ನೋಡಿರದಿದ್ದರೆ ಇಲ್ಲಿ ಏನು ಕೊರತೆ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಸಾಫ್ಟ್‌ವೇರ್ ಯಾವುದು ಅಂತ ತುಂಬ ಜನ ಕೇಳುತ್ತಾರೆ. ಕೃತಾ, ಬ್ಲೆಂಡರ್ ಎರಡೂ ಉಚಿತ. ಫೋಟೊಶಾಪ್‌ಗೆ ಚಂದಾ ಕಟ್ಟುತ್ತಿರಬೇಕು. ಪ್ರೊಕ್ರಿಯೇಟ್‌ಗೆ ಒಮ್ಮೆ ಕೊಟ್ಟರೆ ಆಯಿತು, ಆದರೆ ಐಪ್ಯಾಡ್ ಬೇಕು. ಕ್ಯಾನ್ವಾಸ್ ದೊಡ್ಡದಾದಷ್ಟೂ ಅದರಲ್ಲಿ ಸಿಗುವ ಪದರಗಳು ಕಡಿಮೆಯಾಗುತ್ತವೆ, ಕ್ಯಾಮೆರಾ ಪಕ್ಕಕ್ಕೆ ಓಡುವ ಉದ್ದನೆಯ ಹಿನ್ನೆಲೆಗೆ ಇದು ತೊಡಕು. ನನ್ನ ಮೂರು ಜಗಲಿಗಳ ನಡುವಿನ ವ್ಯತ್ಯಾಸಕ್ಕೂ ಸಾಫ್ಟ್‌ವೇರಿಗೂ ಸಂಬಂಧವಿಲ್ಲ, ಮೂರನ್ನೂ ಕೊನೆಗೆ ಬರೆದದ್ದು ಕೃತಾದಲ್ಲೇ.

ಮತ್ತೆ ಶುರು ಮಾಡುವುದಾದರೆ ಹೊರಗೆ ಕೂರುವುದನ್ನೇ ಮೊದಲು ಇಡುತ್ತೇನೆ, ಖರ್ಚೂ ಅದಕ್ಕೇ ಕಡಿಮೆ. ಜೊತೆಗೆ ವಾರಕ್ಕೆ ಎರಡು ಸಿನಿಮಾ ಚೌಕಟ್ಟು, ಅದೂ ಬಣ್ಣವಿಲ್ಲದೆ, ಮೂರು ಬೂದಿನಲ್ಲಿ ಮಾತ್ರ, ಹತ್ತೇ ನಿಮಿಷ. ಬ್ಲೆಂಡರ್ ಮೂರನೆಯ ತಿಂಗಳಿಗೆ. ಸ್ಟುಡಿಯೊದಲ್ಲಿ ಈಗಾಗಲೇ ಕೆಲಸ ಹಿಡಿದು ಗಡುವು ಎದುರಿಗಿರುವವರು ಬ್ಲೆಂಡರ್ ಮೊದಲು ಕಲಿಯಲಿ, ಆದರೆ ಭಾನುವಾರದ ಬೆಳಗನ್ನಾದರೂ ಬಣ್ಣದ ಡಬ್ಬಿಗೆ ಕೊಡಲಿ.

ನನ್ನ ಕೈಯಲ್ಲಿ ಈಗಿರುವುದು ಅದೇ ಜಗಲಿಯ ಮಳೆ ದೃಶ್ಯ. ಪೆಟ್ಟಿಗೆಯ ಮನೆ ಸಿದ್ಧವಾಗಿದೆ, ಮಾಡಿನ ಬಾಗನ್ನೂ ಸೇರಿಸಿದ್ದೇನೆ. ಬಿಸಿಲಿಲ್ಲದಾಗ ನೆರಳಿಗೆ ಅಂಚು ಇರುವುದಿಲ್ಲ, ಒದ್ದೆ ಅಂಗಳ ಮಾಡಿನ ಅಡಿಗೆ ಯಾವ ಬಣ್ಣ ಕಳಿಸುತ್ತದೋ ನಾನಿನ್ನೂ ಕೂತು ನೋಡಿಲ್ಲ. ಜುಲೈಯಲ್ಲಿ ಒಂದು ವಾರ ರಜೆ ಕೇಳಿದ್ದೇನೆ.